ಹಳೆಯ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಿಂದ ಫೈಲ್ ಮರಳಿ ಪಡೆಯುವುದು: ಯಾವ ತೊಂದರೆಗೆ ಯಾವ ದಾರಿ?

ಸಿಡಿಲು ಮಳೆ ಸುರಿದ ಮಾರನೆಯ ದಿನ ಆಲ್ದೂರು ಕಡೆಯ ಕಾಫಿ ತೋಟವೊಂದರಿಂದ ಒಂದು ಪೆಟ್ಟಿಗೆ ನನ್ನ ಮೇಜಿಗೆ ಬಂತು. ಇಟ್ಟಿಗೆಯಷ್ಟು ಗಾತ್ರ, ಬಿಳಿ ಪ್ಲಾಸ್ಟಿಕ್ ಮೈ, ಒಳಗೆ 2 ಟಿಬಿಯ ಒಂದೇ ಹಾರ್ಡ್ ಡಿಸ್ಕ್, ಬೆನ್ನಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿ. ಬಂಗಲೆಯ ಮೂರು ಕಂಪ್ಯೂಟರ್‌ಗಳೂ ವರ್ಷಗಟ್ಟಲೆ ಇದರೊಳಗೇ ಫೈಲ್ ತುಂಬಿಸಿದ್ದವು. ಮಸ್ಟರ್ ರೋಲ್, ಗೊಬ್ಬರದ ಲೆಕ್ಕ, ಮನೆಯ ಮದುವೆಗಳ ಫೋಟೊ, ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯ ಯಜಮಾನರು ಇಂಚು ಸೆಂಟಿನ ಲೆಕ್ಕದಲ್ಲಿ ದಿನದಿನವೂ ಬರೆದಿಟ್ಟ ಮಳೆ ಪುಸ್ತಕಗಳ ಸ್ಕ್ಯಾನ್. ಮೂಲ ಪುಸ್ತಕಗಳಲ್ಲಿ ಅರ್ಧವನ್ನು ಗೆದ್ದಲು ತಿಂದಿತ್ತು. ಪೆಟ್ಟಿಗೆಯ ದೀಪ ಹತ್ತುತ್ತಿರಲಿಲ್ಲ.

ಅದನ್ನು ತಂದ ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ಅಷ್ಟರಲ್ಲಿ ಇಬ್ಬರು ಎರಡು ಬಗೆಯ ಸಲಹೆ ಕೊಟ್ಟಾಗಿತ್ತು. ಬೆಂಗಳೂರಿನ ಲ್ಯಾಬಿಗೆ ಕಳುಹಿಸಿ ಎಂದರು ಒಬ್ಬರು. ಡಿಸ್ಕ್ ಬಿಚ್ಚಿ ರಿಕವರಿ ಸಾಫ್ಟ್‌ವೇರ್ ಓಡಿಸಿ ಎಂದರು ಇನ್ನೊಬ್ಬರು. ನಾನು ಮೊದಲು ಹಿಡಿದದ್ದು ಅಡಾಪ್ಟರನ್ನು. ಮಲ್ಟಿಮೀಟರ್ ಇಟ್ಟರೆ ಸರಿಯಾಗಿ 12 ವೋಲ್ಟ್ ತೋರಿಸಿತು. ಪೆಟ್ಟಿಗೆಗೆ ಸಿಕ್ಕಿಸಿ, ಭಾರ ಬಿದ್ದಾಗ ಅಳೆದರೆ 7ಕ್ಕೆ ಕುಸಿಯಿತು. ಒಳಗಿನ ಕೆಪಾಸಿಟರ್ ಉಬ್ಬಿದ ಅಡಾಪ್ಟರ್‌ಗಳು ಹೀಗೇ ವಂಚಿಸುತ್ತವೆ. ಅದೇ ವೋಲ್ಟೇಜಿನ, ಅದೇ ಧ್ರುವದ, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಕೊಡುವ ಬೇರೆ ಅಡಾಪ್ಟರ್ ಹಾಕಿದ ಅರ್ಧ ನಿಮಿಷಕ್ಕೆ ದೀಪ ಹತ್ತಿತು. ಡಿಸ್ಕ್ ಗುಂಯ್ ಎಂದು ತಿರುಗಲಾರಂಭಿಸಿತು.

ಚಿಕ್ಕಮಗಳೂರು, ಹಾಸನ ಸೀಮೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಬಳಿ ಇಂಥ ಪೆಟ್ಟಿಗೆ ಹಿಡಿದು ಬರುವವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಎಂದು. ಅದಕ್ಕೂ ಮೊದಲು ಕೆಟ್ಟಿರುವುದು ಪೆಟ್ಟಿಗೆಯೋ, ಡಿಸ್ಕೋ, ಡಿಸ್ಕ್ ಚೆನ್ನಾಗಿದ್ದು ಫೈಲ್ ಮಾತ್ರ ಅಳಿಸಿಹೋಗಿದೆಯೋ ಎಂಬುದು ತಿಳಿಯಬೇಕು. ಈ ಮೂರಕ್ಕೆ ಮೂರು ಬೇರೆ ದಾರಿಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ವಿಷವಾಗಬಹುದು. ಈ ಬರಹದ ಉದ್ದಕ್ಕೂ ನಾನು ಹೋಲಿಸುವುದು ಈ ದಾರಿಗಳನ್ನೇ.

ಕಾಣೆಯಾದದ್ದೆಲ್ಲ ಕಳೆದುಹೋದದ್ದಲ್ಲ

ದೀಪ ಹತ್ತುತ್ತದೆ, ಡಿಸ್ಕ್ ತಿರುಗುತ್ತದೆ, ಆದರೆ ಕಂಪ್ಯೂಟರ್‌ನಲ್ಲಿ ಪೆಟ್ಟಿಗೆ ಕಾಣುವುದೇ ಇಲ್ಲ ಎಂದಾದರೆ ಡಿಸ್ಕ್ ಬಿಚ್ಚುವ ಯೋಚನೆಯನ್ನೇ ಮಾಡಬೇಡಿ. ಹಳೆಯ ಪೆಟ್ಟಿಗೆಗಳು ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ 1 ಎಂಬ ಹಳೆಯ ಭಾಷೆಯಲ್ಲಿ ಮಾತ್ರ ಮಾತನಾಡುತ್ತವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಈ ಭಾಷೆಯ ದೋಷವನ್ನು ಹಿಡಿದೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಹೆಚ್ಚಿನ ಹೊಸ ಕಂಪ್ಯೂಟರ್‌ಗಳಲ್ಲಿ ಎಸ್‌ಎಂಬಿ 1 ಮೊದಲಿನಿಂದ ಚಾಲೂ ಇರುವುದಿಲ್ಲ. ಮೊದಲೇ ಇದ್ದ ಕಂಪ್ಯೂಟರ್‌ಗಳಲ್ಲೂ ಆರಿದ್ದ ಸಮಯ ಬಿಟ್ಟು ಒಟ್ಟು 15 ದಿನ ಬಳಸದಿದ್ದರೆ ವಿಂಡೋಸ್ ಅದನ್ನು ತಾನಾಗಿ ತೆಗೆದುಹಾಕುತ್ತದೆ. ಕಂಪ್ಯೂಟರ್ ಆರಿಸದೆ ಪ್ರವಾಸ ಹೋಗಿ ಬಂದವರಿಗೆ "ಹೋಗುವಾಗ ಇತ್ತು, ಬಂದಾಗ ಇಲ್ಲ" ಎನಿಸುವುದಕ್ಕೆ ಕಾರಣ ಇದೂ ಇರಬಹುದು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಇನ್ನೂ ಬಿಗಿ. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಗೆ ಬಿಡುವ ಹಳೆಯ ಪೆಟ್ಟಿಗೆಗಳ ಜತೆ ಮಾತುಕತೆಯನ್ನೇ ಅದು ನಿಲ್ಲಿಸಿಬಿಡುತ್ತದೆ.

ಇನ್ನೊಂದು ಕಾರಣ ನಮ್ಮ ಕಡೆ ಬಹಳ ಸಾಮಾನ್ಯ. ತಾಮ್ರದ ತಂತಿ ಹೋಗಿ ಫೈಬರ್ ಬಂದಾಗ ರೂಟರ್ ಬದಲಾಗಿರುತ್ತದೆ. ಪೆಟ್ಟಿಗೆ ಹಳೆಯ ವಿಳಾಸವನ್ನೇ ಗಟ್ಟಿಯಾಗಿ ಹಿಡಿದು ಕುಳಿತಿರುತ್ತದೆ, ಹೊಸ ರೂಟರ್ ಬೇರೆ ಬೀದಿಯ ವಿಳಾಸ ಹಂಚುತ್ತಿರುತ್ತದೆ. ಒಂದು ಲ್ಯಾಪ್‌ಟಾಪಿಗೆ ಹಳೆಯ ಸಾಲಿನ ವಿಳಾಸ ಕೊಟ್ಟು, ಕೇಬಲ್‌ನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿದರೆ ಅದು ಕಾಣಿಸಿಕೊಳ್ಳುತ್ತದೆ.

ಪೆಟ್ಟಿಗೆಯ ವೆಬ್ ಪುಟ ತೆರೆದರೆ ಎಫ್‌ಟಿಪಿ (ಫೈಲ್ ಸಾಗಿಸುವ ಇನ್ನೊಂದು ವಿಧಾನ) ಇದೆಯೇ ನೋಡಿ, ಅದರಿಂದಲೇ ಫೈಲ್ ಇಳಿಸಿಕೊಳ್ಳಬಹುದು. ಅದೂ ಇಲ್ಲದಿದ್ದರೆ ಇಂಟರ್ನೆಟ್ ಕಳಚಿ, ಒಂದು ಕಂಪ್ಯೂಟರ್‌ನಲ್ಲಿ ತಾತ್ಕಾಲಿಕವಾಗಿ ಎಸ್‌ಎಂಬಿ 1 ಚಾಲೂ ಮಾಡಿ, ನಕಲಿಸಿ, ಮತ್ತೆ ಮುಚ್ಚಿ. ಫೈಲ್ ಯಾರೋ ಅಳಿಸಿದ್ದಾರೆ ಎನ್ನುವವರೂ ಮೊದಲು ಇಲ್ಲೇ ಹುಡುಕಬೇಕು. ಸಿನಾಲಜಿ, ಕ್ಯೂನ್ಯಾಪ್ ಪೆಟ್ಟಿಗೆಗಳಲ್ಲಿ ಹಂಚಿಕೊಂಡ ಫೋಲ್ಡರಿನೊಳಗೇ ಕಸದ ಬುಟ್ಟಿ ಇರುತ್ತದೆ. ಕಂಪ್ಯೂಟರಿನ ಬುಟ್ಟಿಯಲ್ಲಿ ಇಲ್ಲದ್ದು ಅಲ್ಲಿ ಸಿಕ್ಕೀತು.

ಪೆಟ್ಟಿಗೆ ಸತ್ತಿದೆ, ಡಿಸ್ಕ್ ಬದುಕಿದೆ

ಸಿಡಿಲಿನ ಹೊಡೆತ ಕರೆಂಟಿನ ತಂತಿಯಿಂದಷ್ಟೇ ಬರುವುದಿಲ್ಲ, ನೆಟ್‌ವರ್ಕ್ ಕೇಬಲ್‌ನಿಂದಲೂ ಬರುತ್ತದೆ. ಆಗ ಪೆಟ್ಟಿಗೆಯ ಬೋರ್ಡ್ ಸುಟ್ಟರೂ ಡಿಸ್ಕ್ ಬಹಳ ಸಲ ಉಳಿದಿರುತ್ತದೆ. ಇಲ್ಲಿ ಎರಡು ಆಯ್ಕೆ. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ಹುಡುಕಿ ಡಿಸ್ಕನ್ನು ಅದಕ್ಕೆ ಹಾಕುವುದು, ಇಲ್ಲವೇ ಡಿಸ್ಕನ್ನು ನೇರ ಕಂಪ್ಯೂಟರ್‌ಗೆ ಜೋಡಿಸುವುದು.

ಸಿನಾಲಜಿಯಂಥ ಪೆಟ್ಟಿಗೆಗಳಿಗೆ ಮೊದಲನೆಯದು ಸರಾಗ. ಹಳೆಯ ಡಿಸ್ಕನ್ನು ಗುರುತಿಸಿ, ಇರುವ ದತ್ತಾಂಶವನ್ನು ಉಳಿಸಿಕೊಂಡು ವಲಸೆ ಮಾಡುವ ವ್ಯವಸ್ಥೆ ಅವುಗಳಲ್ಲೇ ಇದೆ. ಅಗ್ಗದ ಮನೆಬಳಕೆಯ ಪೆಟ್ಟಿಗೆಗಳಲ್ಲಿ ನನಗೆ ಆ ಧೈರ್ಯವಿಲ್ಲ. ಹೊಸ ಡಿಸ್ಕ್ ಬಂತೆಂದು ತಿಳಿದು ಫಾರ್ಮ್ಯಾಟ್ ಮಾಡಲೇ ಎಂದು ಕೇಳುವವೂ ಉಂಟು. ಮನೆಯಲ್ಲಿ ಯಾರೋ ಆತುರದಲ್ಲಿ ಸರಿ ಒತ್ತಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಅದೂ ಅಲ್ಲದೆ ಹತ್ತು ವರ್ಷ ಹಿಂದಿನ ಮಾದರಿ ಸಿಗುವುದು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಮಾತ್ರ, ಅದರ ಆಯುಷ್ಯವೂ ಮುಗಿಯುತ್ತ ಬಂದಿರುತ್ತದೆ. ಹಾಗಾಗಿ ಒಂದೇ ಡಿಸ್ಕಿನ ಪೆಟ್ಟಿಗೆಯಾದರೆ ಕಂಪ್ಯೂಟರ್‌ಗೆ ಜೋಡಿಸುವುದೇ ಮೇಲು. ವೇಗದ ಲಾಭವೂ ಇದೆ. 100 ಮೆಗಾಬಿಟ್ ಕಿಂಡಿಯ ಹಳೆಯ ಪೆಟ್ಟಿಗೆಯಿಂದ 1 ಟಿಬಿ ಇಳಿಸಲು ಒಂದು ಹಗಲು ಒಂದು ರಾತ್ರಿ ಬೇಕು. ಡಿಸ್ಕನ್ನು ನೇರವಾಗಿ ಓದಿದರೆ, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ, ಮೂರು ಗಂಟೆಯೊಳಗೆ ಮುಗಿಯುತ್ತದೆ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಆದ್ದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಡಾಕ್ (ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ತೊಟ್ಟಿಲು) ತೆಗೆದುಕೊಳ್ಳಿ. ಯುಎಸ್‌ಬಿ ತಂತಿಯ ಕರೆಂಟಿನಲ್ಲಿ ಅದು ಏಳುವುದಿಲ್ಲ.

ಇಲ್ಲೊಂದು ಗಂಡಾಂತರವಿದೆ. ಈ ಪೆಟ್ಟಿಗೆಗಳೊಳಗೆ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಬೇರೆ ಕಾರ್ಯಾಚರಣಾ ವ್ಯವಸ್ಥೆ. ಡಿಸ್ಕಿನ ಮೇಲೆ ಇರುವುದು ಇಎಕ್ಸ್‌ಟಿ3, ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ. ವಿಂಡೋಸ್‌ಗೆ ಇವು ಅರ್ಥವಾಗುವುದಿಲ್ಲ. "ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂದೋ, "ಇನಿಶಿಯಲೈಸ್ ಮಾಡಿ" ಎಂದೋ ಕೇಳುತ್ತದೆ. ಅದನ್ನು ಓದಿ ಡಿಸ್ಕ್ ಕೆಟ್ಟಿದೆ ಎಂದುಕೊಂಡವರನ್ನು ನಾನು ಕಂಡಿದ್ದೇನೆ, ಒಪ್ಪಿಗೆ ಕೊಟ್ಟವರನ್ನೂ ಕಂಡಿದ್ದೇನೆ. ಎರಡಕ್ಕೂ ಇಲ್ಲ ಎನ್ನಿ. ಪ್ರಶ್ನೆ ಬಂದರೆ ಗಾಬರಿ ಬೇಡ.

ಓದುವುದಕ್ಕೆ ಎರಡು ದಾರಿ. ವಿಂಡೋಸ್‌ನಲ್ಲೇ ಇರಬಯಸುವವರಿಗೆ ಡಿಸ್ಕ್‌ಇಂಟರ್ನಲ್ಸ್ ಲಿನಕ್ಸ್ ರೀಡರ್ ಉಚಿತವಾಗಿ ಸಿಗುತ್ತದೆ. ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಫೋಲ್ಡರ್ ತೋರಿಸಿ ನಕಲಿಸಲು ಬಿಡುತ್ತದೆ. ಕಂಪ್ಯೂಟರಿನ ಕೆಲಸ ಅಷ್ಟಾಗಿ ಗೊತ್ತಿಲ್ಲದವರಿಗೆ ನಾನು ಹೇಳುವುದು ಇದನ್ನೇ. ಪೆನ್‌ಡ್ರೈವ್‌ನಿಂದ ಉಬುಂಟು (ಲಿನಕ್ಸ್‌ನ ಒಂದು ಉಚಿತ ರೂಪ) ಏಳಿಸುವುದು ಎರಡನೆಯ ದಾರಿ. ಇದರಲ್ಲಿ ಹಿಡಿತ ಹೆಚ್ಚು. ಎರಡು ಡಿಸ್ಕ್ ಜೋಡಿಸಿದ ಪೆಟ್ಟಿಗೆಗಳನ್ನೂ ಎಂಡಿಎಡಿಎಂ ಉಪಕರಣದಿಂದ ಕಟ್ಟಿ ತೆರೆಯಬಹುದು. ಆದರೆ ಒಂದು ಸೂಕ್ಷ್ಮವಿದೆ. "ಓದಲು ಮಾತ್ರ" ಎಂದು ಹೇಳಿ ಮೌಂಟ್ ಮಾಡಿದರೂ (ಅಂದರೆ ತೆರೆದು ಜೋಡಿಸಿದರೂ) ಇಎಕ್ಸ್‌ಟಿ4 ತನ್ನ ಜರ್ನಲ್ ಎಂಬ ದಿನಚರಿಯಲ್ಲಿ ಬಾಕಿ ಇದ್ದ ಬರವಣಿಗೆಯನ್ನು ಡಿಸ್ಕಿಗೆ ಇಳಿಸಿಬಿಡುತ್ತದೆ. ನೋಲೋಡ್ ಎಂಬ ಆಯ್ಕೆಯನ್ನು ಸೇರಿಸಿದರೆ ಮಾತ್ರ ಸುಮ್ಮನಿರುತ್ತದೆ. ಎಕ್ಸ್‌ಎಫ್‌ಎಸ್‌ಗೆ ಅದೇ ಕೆಲಸ ಮಾಡುವ ಆಯ್ಕೆಯ ಹೆಸರು ನೋರಿಕವರಿ. ಆರೋಗ್ಯವಂತ ಡಿಸ್ಕಿನಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ, ಫೈಲ್ ಅಳಿಸಿಹೋದ ಡಿಸ್ಕಿನಲ್ಲಿ ಇದೆ.

ಡಬ್ಲ್ಯುಡಿ ಮೈ ಬುಕ್ ಲೈವ್, ಸೀಗೇಟ್ ಸೆಂಟ್ರಲ್ ಎಂಬ ಪೆಟ್ಟಿಗೆಗಳು ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಇವೆರಡೂ ದತ್ತಾಂಶವನ್ನು 64 ಕೆಬಿಯ ದೊಡ್ಡ ತುಂಡುಗಳಲ್ಲಿ ಇಡುತ್ತವೆ. ಸಾಮಾನ್ಯ ಕಂಪ್ಯೂಟರಿನ ಲಿನಕ್ಸ್ ಬಹುಕಾಲ ಇಎಕ್ಸ್‌ಟಿ4ನಲ್ಲಿ 4 ಕೆಬಿಗಿಂತ ದೊಡ್ಡ ತುಂಡನ್ನು ಮೌಂಟ್ ಮಾಡುತ್ತಿರಲಿಲ್ಲ. ಉಬುಂಟು ದೋಷದ ಸಂದೇಶ ಕೊಟ್ಟಿತೆಂದು ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸಿ ರಿಪೇರಿ ಆದೇಶ ಕೊಡುವವರಿದ್ದಾರೆ. ಡಿಸ್ಕ್ ಸರಿಯಾಗಿಯೇ ಇರುತ್ತದೆ, ಫ್ಯೂಸ್-ಇಎಕ್ಸ್‌ಟಿ2 ಎಂಬ ಉಪಕರಣದಿಂದಲೋ ಆರ್-ಸ್ಟುಡಿಯೊ, ಯುಎಫ್‌ಎಸ್ ಎಕ್ಸ್‌ಪ್ಲೋರರ್‌ನಂಥ ಸಾಫ್ಟ್‌ವೇರ್‌ನಿಂದಲೋ ತೆರೆಯುತ್ತದೆ. ಡಬ್ಲ್ಯುಡಿ ಮೈ ಕ್ಲೌಡ್ ಹೋಮ್‌ನ ಕಥೆ ಬೇರೆಯೇ. ಡಿಸ್ಕ್ ತೆರೆದರೆ ನಿಮ್ಮ ಫೈಲ್‌ಗಳ ಹೆಸರೇ ಇರುವುದಿಲ್ಲ, ಅರ್ಥವಿಲ್ಲದ ಅಕ್ಷರಗಳ ಸರಮಾಲೆ ಇರುತ್ತದೆ. ನಿಜವಾದ ಹೆಸರು, ಫೋಲ್ಡರ್‌ಗಳ ಪಟ್ಟಿ ಅದೇ ಡಿಸ್ಕಿನ ಒಂದು ಡೇಟಾಬೇಸ್ ಫೈಲ್‌ನಲ್ಲಿದೆ. ಫೋಟೊಗಳನ್ನು ನಕಲಿಸುವಾಗ ಅದನ್ನೂ ಮರೆಯದೆ ನಕಲಿಸಿ.

ಡಿಸ್ಕೇ ಕಾಯಿಲೆ ಬಿದ್ದಾಗ

ನಾನು ಈ ಕೆಲಸಕ್ಕೆ ಕಾಲಿಟ್ಟ ಹೊಸತರಲ್ಲಿ ಊರಿನ ಒಂದು ಫೋಟೊ ಸ್ಟುಡಿಯೊದ ಡಿಸ್ಕ್ ನನ್ನ ಕೈಗೆ ಬಂದಿತ್ತು. ಫೋಲ್ಡರ್ ತೆರೆಯುತ್ತಿತ್ತು, ಕೆಲವು ಫೋಟೊ ಬರುತ್ತಿದ್ದವು, ಕೆಲವು ಅರ್ಧ ಬಂದು ಬೂದು ಪಟ್ಟಿಯಾಗುತ್ತಿದ್ದವು. ಕಡತ ವ್ಯವಸ್ಥೆ ಕೆಟ್ಟಿದೆ ಎಂದುಕೊಂಡು ನಾನು ನೇರವಾಗಿ ಮೂಲ ಡಿಸ್ಕಿನ ಮೇಲೇ ರಿಪೇರಿ ಆದೇಶ ಓಡಿಸಿದೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ಹೊತ್ತಿಗೆ ಡಿಸ್ಕ್ ಕಟ್ ಕಟ್ ಎನ್ನುತ್ತಿತ್ತು, ಸಂಜೆಗೆ ಕಂಪ್ಯೂಟರಿಗೆ ಕಾಣಿಸುವುದನ್ನೇ ನಿಲ್ಲಿಸಿತು. ಒಂದು ಮದುವೆಯ ಧಾರೆಯ ಫೋಟೊಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಆ ಮನೆಯವರು ಬಂದು ನನ್ನ ಮುಂದೆ ಕುಳಿತ ಆ ಅರ್ಧ ಗಂಟೆ ನನಗೆ ಇಂದಿಗೂ ನೆನಪಿದೆ. ಸಾಯುತ್ತಿರುವ ಡಿಸ್ಕಿಗೆ ರಿಪೇರಿ ಎಂದರೆ ಅದರ ಮೇಲೆ ಸಾವಿರಾರು ಸಲ ಓದು, ಬರೆ ಎಂದು ಹೇರುವುದು. ಅಂದಿನಿಂದ ಮೊದಲು ಪೂರ್ತಿ ನಕಲು ತೆಗೆಯದೆ ಯಾವ ಡಿಸ್ಕನ್ನೂ ನಾನು ಮುಟ್ಟಿಲ್ಲ.

ಆದ್ದರಿಂದ ಡಿಸ್ಕ್ ಹೊರತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಅದರ ನಾಡಿ ಹಿಡಿಯುವುದು. ನಿಶ್ಶಬ್ದ ಕೋಣೆಯಲ್ಲಿ ಕರೆಂಟ್ ಕೊಟ್ಟು ಕಿವಿಗೊಡಿ. ತಿರುಗುವ ಗುಂಯ್ ಸದ್ದು, ನಡುವೆ ಮೆಲ್ಲಗೆ ಚುರುಚುರು ಎಂದರೆ ಕ್ಷೇಮ. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿದು ನಿಂತರೆ ಓದುವ ತಲೆ ಕೆಟ್ಟಿದೆ. ದುಂಬಿಯಂತೆ ಗುಯ್ಗುಟ್ಟಿ ತಿರುಗಲಾರದೆ ಒದ್ದಾಡಿದರೆ ತಲೆ ದತ್ತಾಂಶ ಇರುವ ತಟ್ಟೆಗೆ ಅಂಟಿರಬಹುದು. ಸದ್ದೇ ಇಲ್ಲ ಎಂದರೆ ಡಿಸ್ಕಿನ ತಳದ ಬೋರ್ಡಿಗೆ ಹೊಡೆತ ಬಿದ್ದಿರುವ ಸಾಧ್ಯತೆ ಹೆಚ್ಚು. ಕೊನೆಯ ಈ ಮೂರರಲ್ಲಿ ಯಾವುದು ಕಂಡರೂ ಕರೆಂಟ್ ಕಿತ್ತು ಪಕ್ಕಕ್ಕಿಡಿ. ಇನ್ನೊಂದು ಸಲ ನೋಡೋಣ ಎಂದು ಹಚ್ಚುವ ಪ್ರತಿ ಸಲವೂ ತಟ್ಟೆಯ ಮೇಲೆ ಗೀರು ಬೀಳಬಹುದು. ಗೀರು ಬಿದ್ದ ಜಾಗದ ಫೋಟೊವನ್ನು ಯಾವ ಲ್ಯಾಬೂ ತರಲಾರದು.

ಸದ್ದು ಸರಿಯಿದ್ದರೆ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು, ನೋಡಿ. ಉದ್ದದ ಪಟ್ಟಿಯಲ್ಲಿ ನನಗೆ ಬೇಕಾದ್ದು ಮೂರೇ: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ಸಣ್ಣ ಖಾನೆಗಳು), ಓದಲಾಗದೆ ಬಾಕಿ ಇರುವ ಸೆಕ್ಟರ್‌ಗಳು, ಸರಿಪಡಿಸಲಾಗದ ಸೆಕ್ಟರ್‌ಗಳು. ಮೂರೂ ಸೊನ್ನೆಯಾದರೆ ನೆಮ್ಮದಿಯಿಂದ ಮುಂದುವರಿಯಬಹುದು. ಬಾಕಿ ಇರುವ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಫೋಲ್ಡರ್ ಎಳೆದು ನಕಲಿಸುವ ಸಾಮಾನ್ಯ ಕ್ರಮ ಬೇಡ. ವಿಂಡೋಸ್ ಕೆಟ್ಟ ಜಾಗದಲ್ಲೇ ಹಟ ಹಿಡಿದು ನಿಂತು ಡಿಸ್ಕನ್ನು ದಣಿಸುತ್ತದೆ.

ಆಗ ಬೇಕಾದದ್ದು ಗ್ನೂ ಯೋಜನೆಯ ಡಿಡಿರೆಸ್ಕ್ಯೂ. ಉಚಿತ, ಲಿನಕ್ಸ್‌ನಲ್ಲಿ ಓಡುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿ ಬಿಟ್ಟು, ಕೊನೆಗೆ ಅವಕ್ಕೆ ಮರಳುವುದು ಅದರ ವಿಧಾನ. ಕಳೆ ತುಂಬಿದ ಮೂಲೆಯನ್ನು ಕೊನೆಗೆ ಬಿಟ್ಟು ತೋಟದ ಒಳ್ಳೆಯ ಹಣ್ಣನ್ನೆಲ್ಲ ಮೊದಲು ಕೊಯ್ದುಕೊಳ್ಳುವ ಹಾಗೆ. ಎಷ್ಟು ಮುಗಿಯಿತು ಎಂಬುದನ್ನು ಒಂದು ನಕ್ಷೆ ಫೈಲ್‌ನಲ್ಲಿ ಬರೆದಿಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದರ ಬೆಲೆ ದೊಡ್ಡದು. ನಡುರಾತ್ರಿ ಕರೆಂಟ್ ಹೋದರೂ ಬೆಳಿಗ್ಗೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಮೊದಲಿನಿಂದ ಓದಿಸಿ ಡಿಸ್ಕನ್ನು ಮತ್ತೆ ದಣಿಸಬೇಕಿಲ್ಲ. ನಕ್ಷೆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ತಾತ್ಕಾಲಿಕ ಉಬುಂಟು ಆರಿದಾಗ ಅದರೊಳಗಿದ್ದದ್ದೆಲ್ಲ ಅಳಿದುಹೋಗುತ್ತದೆ.

ನಕಲಿಗೆ ಬೇಕಾದ ಜಾಗದಲ್ಲಿ ಜಿಪುಣತನ ಬೇಡ. 2 ಟಿಬಿಯ ಡಿಸ್ಕಿನ ಚಿತ್ರವನ್ನು, ಅಂದರೆ ಅದರ ಪೂರ್ತಿ ನಕಲನ್ನು, ಒಂದೇ ಫೈಲ್ ಆಗಿ ಇಡಲು ಇನ್ನೊಂದು 2 ಟಿಬಿ ಡಿಸ್ಕ್ ಸಾಲದು. 4 ಟಿಬಿ ಇದ್ದರೆ ಚಿತ್ರಕ್ಕೂ ಹೊರತೆಗೆದ ಫೈಲ್‌ಗಳಿಗೂ ಜಾಗವಾಗುತ್ತದೆ. ಅದನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಬೇಡಿ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ನಿಲ್ಲುವುದಿಲ್ಲ. ಆದೇಶ ಒತ್ತುವ ಮೊದಲು ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಡಿಸ್ಕಿನ ಚೀಟಿಯ ಮೇಲಿನ ಸೀರಿಯಲ್ ಸಂಖ್ಯೆಯ ಜತೆ ಎರಡು ಸಲ ಹೋಲಿಸಿ. ತಿರುವುಮುರುವಾದರೆ ಖಾಲಿ ಡಿಸ್ಕ್ ನಿಮ್ಮ ಮಳೆ ಪುಸ್ತಕದ ಮೇಲೆ ಬರೆದುಕೊಳ್ಳುತ್ತದೆ.

ಹಾಗಾದರೆ ಯಾವಾಗ ಸ್ವಂತ, ಯಾವಾಗ ಲ್ಯಾಬ್? ಡಿಸ್ಕ್ ಕಾಣುತ್ತಿದೆ, ಗಾತ್ರ ಸರಿಯಾಗಿ ತೋರಿಸುತ್ತಿದೆ, ಸದ್ದು ಶುದ್ಧವಾಗಿದೆ, ಕೆಟ್ಟ ಸೆಕ್ಟರ್ ಬೆರಳೆಣಿಕೆಯಷ್ಟೋ ನೂರಿನ್ನೂರರಷ್ಟೋ ಇದೆ ಎಂದರೆ ಡಿಡಿರೆಸ್ಕ್ಯೂ ಸಾಕು, ಫ್ಯಾನ್ ಗಾಳಿ ಬೀಸುತ್ತಿರಲಿ. ಓದುವ ವೇಗ ಸೆಕೆಂಡಿಗೆ ಕೆಲವೇ ಕೆಬಿಗೆ ಇಳಿದು ಮೇಲೇಳದಿದ್ದರೆ, ಅಥವಾ ನಡುವೆ ಟಕ್ ಟಕ್ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಒಳಗಿರುವುದು ಜಗತ್ತಿನಲ್ಲಿ ಒಂದೇ ಪ್ರತಿ, ನಿಮಗೆ ಈ ಕೆಲಸ ಇದೇ ಮೊದಲು ಎಂದಾದರೆ ಕೈ ಪಳಗಿಸುವ ಪ್ರಯೋಗ ಅದರ ಮೇಲೆ ಬೇಡ. ಬೇಕಿಲ್ಲದ ಹಳೆಯ ಡಿಸ್ಕೊಂದರ ಮೇಲೆ ಮಾಡಿ ನೋಡಿ, ಆಮೇಲೆ ಇದಕ್ಕೆ ಬನ್ನಿ.

ಫ್ರೀಜರ್‌ನಲ್ಲಿಟ್ಟರೆ ಡಿಸ್ಕ್ ಏಳುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ನಮ್ಮ ಜುಲೈ ತಿಂಗಳ ತೇವದಲ್ಲಿ ತಣ್ಣಗಿನ ಡಿಸ್ಕ್ ಹೊರತೆಗೆದ ಕ್ಷಣ ಅದರ ಮೇಲೂ ಒಳಗೂ ನೀರ ಹನಿ ಕಟ್ಟುತ್ತದೆ. ಮಾಡಬೇಡಿ. ಬೋರ್ಡ್ ಸುಟ್ಟರೆ ಅದೇ ಮಾದರಿಯ ಬೋರ್ಡ್ ತಂದು ಹಾಕಿದರಾಯಿತು ಎನ್ನುವುದೂ ಹಳೆಯ ಕಾಲದ ಮಾತು. ಈಗಿನ ಡಿಸ್ಕ್‌ಗಳಲ್ಲಿ ಆಯಾ ಡಿಸ್ಕಿನ ತಲೆ, ತಟ್ಟೆಗಳಿಗೆಂದೇ ಹೊಂದಿಸಿದ ಅಂಕಿಗಳು ಬೋರ್ಡಿನ ರೋಮ್ (ROM) ಚಿಪ್‌ನಲ್ಲಿ ಕುಳಿತಿರುತ್ತವೆ. ಶಾಶ್ವತ ಸ್ಮೃತಿಯ ಆ ಚಿಪ್ಪನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಸಿಡಿಲಿನ ಹೊಡೆತದಲ್ಲಿ ಕೆಲವೊಮ್ಮೆ ಬೋರ್ಡಿನ ರಕ್ಷಣೆಯ ಡಯೋಡ್ ಒಂದೇ ಶಾರ್ಟ್ ಆಗಿ ತಾನು ಸತ್ತು ಉಳಿದದ್ದನ್ನು ಕಾಯ್ದಿರುತ್ತದೆ. ನುರಿತ ಎಲೆಕ್ಟ್ರಾನಿಕ್ಸ್ ಕೆಲಸಗಾರರಿಗೆ ಅದು ಕಡಿಮೆ ಖರ್ಚಿನ ಕೆಲಸ.

ಅಳಿಸಿಹೋದದ್ದು, ಫಾರ್ಮ್ಯಾಟ್ ಆದದ್ದು

2021ರ ಜೂನ್ ಕೊನೆಯಲ್ಲಿ ಜಗತ್ತಿನ ಹಲವೆಡೆ ಮೈ ಬುಕ್ ಲೈವ್ ಇಟ್ಟುಕೊಂಡವರು ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿಯಾಗಿತ್ತು. ಇಂಟರ್ನೆಟ್ ಮೂಲಕ ಯಾರೋ ದೋಷ ಹಿಡಿದು ಒಳನುಗ್ಗಿ ಕಾರ್ಖಾನೆ ಸ್ಥಿತಿಗೆ ಮರಳಿಸಿದ್ದರು. ಆ ಪೆಟ್ಟಿಗೆಗೆ ಕೊನೆಯ ಸಾಫ್ಟ್‌ವೇರ್ ನವೀಕರಣ ಬಂದದ್ದು 2015ರಲ್ಲಿ. ಹಳೆಯ ಪೆಟ್ಟಿಗೆ ಇಂದೂ ಓಡುತ್ತಿದ್ದರೆ ರೂಟರ್‌ನಲ್ಲಿ ಅದಕ್ಕೆ ಇಂಟರ್ನೆಟ್ ಬಾಗಿಲು ಮುಚ್ಚಿ, ಮನೆಯೊಳಗಷ್ಟೇ ಇರಲಿ.

ಇಂಥ ಸಂದರ್ಭದಲ್ಲಿ ಪೆಟ್ಟಿಗೆಯನ್ನು ತಕ್ಷಣ ಆರಿಸುವುದೇ ಅರ್ಧ ಗೆಲುವು. ಓಡುತ್ತಿರುವ ಪೆಟ್ಟಿಗೆ ತನ್ನ ಲಾಗ್, ಥಂಬ್‌ನೇಲ್‌ಗಳನ್ನು ಬರೆಯುತ್ತಲೇ ಇರುತ್ತದೆ, ಬರೆಯುವುದು ನಿಮ್ಮ ಹಳೆಯ ಫೈಲ್ ಇದ್ದ ಜಾಗದ ಮೇಲೇ. ಆಮೇಲೆ ಎರಡು ಬಗೆಯ ಸಾಫ್ಟ್‌ವೇರ್‌ಗಳ ನಡುವೆ ಆಯ್ಕೆ. ಕಡತ ವ್ಯವಸ್ಥೆಯ ಉಳಿದ ಕುರುಹುಗಳನ್ನು ಹಿಡಿದು ಹೆಸರು, ಫೋಲ್ಡರ್ ಸಮೇತ ಮರಳಿ ಕಟ್ಟುವುದು ಒಂದು ಬಗೆ. ಆರ್-ಲಿನಕ್ಸ್ ಉಚಿತ, ಇಎಕ್ಸ್‌ಟಿ ಕುಟುಂಬಕ್ಕೆ ಸೀಮಿತ. ಆರ್-ಸ್ಟುಡಿಯೊ, ಯುಎಫ್‌ಎಸ್ ಎಕ್ಸ್‌ಪ್ಲೋರರ್‌ಗೆ ಹಣ ಕೊಡಬೇಕು. ಆದರೆ ಅವುಗಳ ಪ್ರಾಯೋಗಿಕ ಆವೃತ್ತಿ ಸಿಗುವ ಫೈಲ್‌ಗಳ ಪಟ್ಟಿ ತೋರಿಸಿ ಸಣ್ಣ ಫೈಲ್‌ಗಳನ್ನು ಹೊರತೆಗೆಯಲೂ ಬಿಡುತ್ತದೆ. ನಿಮ್ಮ ಫೋಲ್ಡರ್ ಕಣ್ಣಿಗೆ ಕಂಡು, ಒಂದೆರಡು ಫೈಲ್ ತೆರೆದು ನೋಡಿದ ಮೇಲೆಯೇ ಹಣ ಕೊಡಿ. ಬರೀ "ಇಷ್ಟು ಸಾವಿರ ಫೈಲ್ ಸಿಕ್ಕಿದೆ" ಎಂದು ತೋರಿಸಿ ಹಣ ಕೇಳುವ ಸಾಫ್ಟ್‌ವೇರ್‌ಗಳನ್ನು ನಾನು ನಂಬುವುದಿಲ್ಲ.

ಎರಡನೆಯ ಬಗೆ ಫೋಟೊರೆಕ್. ಉಚಿತ, ಕಡತ ವ್ಯವಸ್ಥೆಯ ಗೊಡವೆಗೇ ಹೋಗುವುದಿಲ್ಲ. ಡಿಸ್ಕನ್ನು ಉದ್ದಕ್ಕೆ ಓದುತ್ತ, ಜೆಪೆಗ್ ಫೈಲ್ ಹೀಗೆ ಶುರುವಾಗುತ್ತದೆ, ಪಿಡಿಎಫ್ ಹೀಗೆ ಎಂಬ ಗುರುತು ಹಿಡಿದು ಎತ್ತಿಕೊಳ್ಳುತ್ತದೆ. ಇಎಕ್ಸ್‌ಟಿ3, ಇಎಕ್ಸ್‌ಟಿ4ನಲ್ಲಿ ಅಳಿಸಿದಾಗ ಫೈಲ್ ಎಲ್ಲೆಲ್ಲಿ ಇತ್ತೆಂಬ ನಮೂದೂ ಒರೆಸಿಹೋಗುವುದರಿಂದ ಮೊದಲ ಬಗೆ ಸೋತಲ್ಲಿ ಇದೇ ಗತಿ. ನಷ್ಟವೆಂದರೆ ಹೆಸರೂ ಫೋಲ್ಡರೂ ಬರುವುದಿಲ್ಲ, ತುಂಡುತುಂಡಾಗಿ ಹರಡಿದ್ದ ದೊಡ್ಡ ವೀಡಿಯೊಗಳು ಕೆಟ್ಟುಬರುತ್ತವೆ. ಫೋಟೊ ಸ್ಟುಡಿಯೊಗಳಿಗೆ ಇದು ಅಷ್ಟು ದೊಡ್ಡ ನಷ್ಟವಲ್ಲ, ಕ್ಯಾಮೆರಾ ಪ್ರತಿ ಫೋಟೊದೊಳಗೇ ತೆಗೆದ ದಿನಾಂಕ ಬರೆದಿರುತ್ತದೆ, ಅದರ ಮೇಲೆ ವಿಂಗಡಿಸಿದರೆ ಮದುವೆ ಮದುವೆಯಾಗಿ ಬೇರೆಯಾಗುತ್ತದೆ. ಲೆಕ್ಕಪತ್ರ ಇಟ್ಟವರಿಗೆ ಕಷ್ಟ, ಒಂದೊಂದೇ ತೆರೆದು ನೋಡಬೇಕು.

ಕನ್ನಡದ ಹಳೆಯ ಕಡತಗಳ ವಿಷಯದಲ್ಲಿ ಒಂದು ಮಾತು. ಮರಳಿ ಬಂದ ವರ್ಡ್ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಕೆಟ್ಟಿದೆ ಎಂದು ಎಸೆಯಬೇಡಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣುತ್ತದೆ. ಫಾಂಟ್ ಹಾಕಿ ಮತ್ತೆ ತೆರೆಯಿರಿ. ಸಹಕಾರ ಸಂಘವೊಂದರ ಹತ್ತಾರು ನಡಾವಳಿಗಳು ಕಸಕ್ಕೆ ಹೋಗುವುದನ್ನು ಹೀಗೆ ತಡೆದಿದ್ದೇನೆ.

ಎರಡು ಡಿಸ್ಕಿನ ಪೆಟ್ಟಿಗೆಯಾದರೆ ಬಿಚ್ಚುವ ಮೊದಲೇ ಯಾವುದು ಎಡ, ಯಾವುದು ಬಲ ಎಂದು ಮಾರ್ಕರ್‌ನಲ್ಲಿ ಬರೆಯಿರಿ. ಒಂದರ ಪ್ರತಿ ಇನ್ನೊಂದು ಎನ್ನುವ ರೇಡ್ 1 ಆಗಿದ್ದರೆ ಒಂದು ಡಿಸ್ಕ್ ಸಾಕು, ಚೆನ್ನಾಗಿರುವುದನ್ನು ಆರಿಸಿ. ಅರ್ಧರ್ಧ ಹಂಚಿಡುವ ರೇಡ್ 0 ಆಗಿದ್ದರೆ ಎರಡೂ ಬೇಕು. ಒಂದು ಡಿಸ್ಕ್ ಹೋದರೂ ಉಳಿದವುಗಳಿಂದ ದತ್ತಾಂಶ ಸಿಗುವ, ಮೂರು ನಾಲ್ಕು ಡಿಸ್ಕಿನ ರೇಡ್ 5ರಲ್ಲಿ ಒಂದು ಸತ್ತು ಉಳಿದವೂ ಹಳೆಯವಾದರೆ ಹೊಸ ಡಿಸ್ಕ್ ಹಾಕಿ ಮರುಕಟ್ಟುವ ಗುಂಡಿ ಒತ್ತುವ ಮುನ್ನ ಉಳಿದವುಗಳ ನಕಲು ತೆಗೆಯಿರಿ. ಮರುಕಟ್ಟುವಾಗ ಮುದಿ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕಾಗುತ್ತದೆ, ಎರಡನೆಯದು ಬೀಳುವುದು ಆಗಲೇ.

ಊರಿನ ಅಂಗಡಿಯೋ, ಬೆಂಗಳೂರಿನ ಲ್ಯಾಬೋ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸುತ್ತಮುತ್ತವಾಗಲಿ ಕಂಪ್ಯೂಟರ್ ಅಂಗಡಿಗಳಿಗೆ ಕೊರತೆಯಿಲ್ಲ. ಅಡಾಪ್ಟರ್, ಡಾಕ್, ನಕಲು, ಸಾಫ್ಟ್‌ವೇರ್ ಮಟ್ಟದ ಕೆಲಸಕ್ಕೆ ಒಳ್ಳೆಯ ಅಂಗಡಿ ಸಾಕು. ಅದರ ದೊಡ್ಡ ಲಾಭವೆಂದರೆ ನೀವು ಪಕ್ಕದಲ್ಲೇ ಕುಳಿತು ನೋಡಬಹುದು, ಖಾಸಗಿ ಫೋಟೊ, ಬ್ಯಾಂಕ್ ಕಾಗದ ಯಾರ ಕೈಯಲ್ಲಿವೆ ಎಂಬ ಚಿಂತೆ ಕಡಿಮೆ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಮೊದಲು ಪೂರ್ತಿ ನಕಲು ತೆಗೆದು ಆಮೇಲೆ ನಕಲಿನ ಮೇಲೆ ಕೆಲಸ ಮಾಡುತ್ತೀರಾ?" ಹೌದು ಎನ್ನಲು ತಡವರಿಸಿದರೆ ಡಿಸ್ಕ್ ವಾಪಸ್ ತೆಗೆದುಕೊಂಡು ಬನ್ನಿ. ಡಿಸ್ಕಿನ ಮುಚ್ಚಳ ಬಿಚ್ಚಿ ನೋಡುತ್ತೇವೆ ಎನ್ನುವ ಅಂಗಡಿಗೆ ಯಾವ ಕಾರಣಕ್ಕೂ ಕೊಡಬೇಡಿ. ತಲೆಗೂ ತಟ್ಟೆಗೂ ನಡುವಿನ ಅಂತರದಲ್ಲಿ ಕೂದಲೆಳೆಯಾಗಲಿ ಧೂಳಿನ ಕಣವಾಗಲಿ ಹಿಡಿಸುವುದಿಲ್ಲ, ಅದಕ್ಕೆ ಧೂಳು ಸೋಸಿದ ಶುದ್ಧ ಕೋಣೆಯೇ ಬೇಕು.

ಆ ಕೋಣೆ, ತಲೆ ಬದಲಿಸಲು ದಾನಿ ಡಿಸ್ಕ್, ಪಿಸಿ-3000ದಂಥ ಉಪಕರಣ ಇರುವ ಲ್ಯಾಬಿಗೆ ನಾವು ಬೆಂಗಳೂರಿಗೇ ಹೋಗಬೇಕು. ಹಾಸನದಿಂದ ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ 240 ಕಿ.ಮೀ. ಆಸುಪಾಸು. ಸಾಧ್ಯವಾದರೆ ಕೊರಿಯರ್ ಬದಲು ಕೈಯಲ್ಲೇ ಒಯ್ಯಿರಿ, ಬಸ್ಸಿನ ಡಿಕ್ಕಿಯಲ್ಲಿ ಬೇಡ, ಮಡಿಲಲ್ಲಿ ಇರಲಿ. ಕಳುಹಿಸಲೇಬೇಕಾದರೆ ಸ್ಥಿರವಿದ್ಯುತ್ ತಡೆಯುವ ಚೀಲ, ಸುತ್ತಲೂ ಎರಡು ಇಂಚು ಸ್ಪಂಜು, ಗಟ್ಟಿ ಡಬ್ಬಿ. ಲ್ಯಾಬ್‌ನವರನ್ನು ಬರಹದಲ್ಲಿ ಕೇಳಬೇಕಾದವು ಇವು: ಪರೀಕ್ಷೆಗೆ ಶುಲ್ಕವಿದೆಯೇ, ಫೈಲ್ ಬರದಿದ್ದರೂ ಹಣ ಕೊಡಬೇಕೇ, ಹಣ ಕೊಡುವ ಮೊದಲು ಫೈಲ್‌ಗಳ ಪಟ್ಟಿ ತೋರಿಸುತ್ತೀರಾ, ಒಪ್ಪದಿದ್ದರೆ ಡಿಸ್ಕನ್ನು ಇದ್ದ ಸ್ಥಿತಿಯಲ್ಲಿ ಮರಳಿಸುತ್ತೀರಾ, ನಕಲನ್ನು ಎಷ್ಟು ದಿನ ಇಟ್ಟುಕೊಂಡು ಅಳಿಸುತ್ತೀರಾ. ಅಲ್ಲಿಯ ಖರ್ಚು ಊರಿನ ಕೆಲಸಕ್ಕಿಂತ ಹಲವು ಪಟ್ಟು. ಎಲ್ಲ ಬೇಕು ಎನ್ನುವ ಬದಲು "ಈ ನಾಲ್ಕು ಫೋಲ್ಡರ್ ಮೊದಲು" ಎಂದು ಬರೆದುಕೊಡಿ. ತಲೆ ದುರ್ಬಲವಾದ ಡಿಸ್ಕಿನಲ್ಲಿ ಮೊದಲು ಓದಿದ್ದೇ ದಕ್ಕುವುದು.

ಆಲ್ದೂರಿನ ಪೆಟ್ಟಿಗೆಯಿಂದ ನಾನು ಮೊದಲು ಇಳಿಸಿದ್ದು "ಮಳೆ" ಎಂಬ ಫೋಲ್ಡರನ್ನು. ರೈಟರ್ ಪಕ್ಕದಲ್ಲಿ ನಿಂತು ಒಂದೊಂದೇ ವರ್ಷದ ಸ್ಕ್ಯಾನ್ ತೆರೆಸಿ ನೋಡಿದರು. ಒಂದು ಏಪ್ರಿಲ್ ಪುಟದಲ್ಲಿ ಹೂ ಮಳೆ ಬಿದ್ದ ದಿನದ ಎದುರು ನೀಲಿ ಶಾಯಿಯಲ್ಲಿ ಅಡಿಗೆರೆ ಎಳೆದಿತ್ತು. ನಕಲು ಎರಡು ಡಿಸ್ಕ್‌ಗಳಿಗೆ ಆಯಿತು, ಒಂದು ಬಂಗಲೆಗೆ, ಇನ್ನೊಂದು ಹಾಸನದಲ್ಲಿರುವ ಮಗಳ ಮನೆಗೆ. ಹಳೆಯ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮಳೆಗಾಲ ಮುಗಿಯುವವರೆಗೆ ಯಾರೂ ಅದನ್ನು ಬೇರೆ ಕೆಲಸಕ್ಕೆ ಬಳಸಬಾರದೆಂದು ಮೇಲೆ ಚೀಟಿ ಅಂಟಿಸಿ ಕೊಟ್ಟೆ.